ಅಳೆಯುವ ಯಂತ್ರವೇ ಕುಸಿದಾಗ

ನೆಲದ ಏರುತಗ್ಗುಗಳನ್ನು ಅಳೆಯುವ ಸರ್ವೆಯವರು ಅಲ್ಲಲ್ಲಿ ಭದ್ರವಾದ ಒಂದು ಕಲ್ಲಿನ ಮೇಲೆ ಮಟ್ಟದ ಗುರುತನ್ನು ಕೆತ್ತಿಟ್ಟಿರುವುದನ್ನು ನಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಇಂಗ್ಲಿಷಿನಲ್ಲಿ ಅದಕ್ಕೆ ಬೆಂಚ್‌ಮಾರ್ಕ್ ಎಂದು ಹೆಸರು. ಅಲ್ಲಿಂದ ಎಷ್ಟು ದೂರ ಹೋಗಿ ಅಳೆದರೂ ಲೆಕ್ಕವೆಲ್ಲ ಆ ಗುರುತಿನಿಂದಲೇ ಆರಂಭವಾಗಬೇಕು. ಗಣಕಶಾಸ್ತ್ರದವರು ಈ ಮಾತನ್ನು ಎರವಲು ಪಡೆದು, ಒಂದು ಯಂತ್ರ ಅಥವಾ ಒಂದು ತಂತ್ರಾಂಶ ಎಷ್ಟು ಹೊತ್ತಿನಲ್ಲಿ ಎಷ್ಟು ಕೆಲಸ ಮಾಡಬಲ್ಲದೆಂಬುದನ್ನು ಗೊತ್ತುಮಾಡುವ ಪರೀಕ್ಷೆಗೆ ಅದೇ ಹೆಸರನ್ನಿಟ್ಟಿದ್ದಾರೆ. ಅಂಥ ಪರೀಕ್ಷೆಯನ್ನು ನಡೆಸುವ ಉಪಕರಣವೇ ನಡುವೆ ಕುಸಿದುಬಿದ್ದರೆ ಕಾರಣವನ್ನು ಹುಡುಕುವುದು ಹೇಗೆ ಎಂಬುದು ಪ್ರಕೃತ ಲೇಖನದ ವಿಷಯ. ವಿಷಯ ಗಣಕದ್ದಾದರೂ ಹುಡುಕುವ ಕ್ರಮ ಚರಿತ್ರೆ, ಅರ್ಥಶಾಸ್ತ್ರಗಳನ್ನು ಓದುವ ಮಿತ್ರರಿಗೆ ಅಪರಿಚಿತವೇನೂ ಅಲ್ಲ. ಸಾಕ್ಷಿಯನ್ನು ತೂಗಿ ನೋಡುವ ಕೆಲಸವೇ ಇಲ್ಲಿಯೂ ನಡೆಯುವುದು.

ಮೊದಲು ಈ ಪರೀಕ್ಷೆಯ ಅಗತ್ಯವೇನೆಂಬುದನ್ನು ನೋಡೋಣ. ಬ್ಯಾಂಕಿನ ಖಾತೆ, ರೈಲಿನ ಟಿಕೆಟು, ಪರೀಕ್ಷೆಯ ಫಲಿತಾಂಶ, ಗ್ರಂಥಾಲಯದ ಪುಸ್ತಕಗಳ ಪಟ್ಟಿ, ಇವೆಲ್ಲ ಇಂದು ಡೇಟಾಬೇಸ್ ಎಂಬ ದತ್ತಸಂಚಯಗಳಲ್ಲಿ ನೆಲೆಸಿವೆ. ಫಲಿತಾಂಶ ಹೊರಬೀಳುವ ದಿನ ಲಕ್ಷಾಂತರ ಮಂದಿ ಒಂದೇ ಗಳಿಗೆಯಲ್ಲಿ ಅದರ ಬಾಗಿಲು ತಟ್ಟುತ್ತಾರೆ. ಆ ಭಾರವನ್ನು ಅದು ತಾಳುವುದೋ ಇಲ್ಲವೋ ಎಂಬುದನ್ನು ಆ ದಿನವೇ ತಿಳಿಯಲು ಹೊರಟರೆ ಹೇಗಾದೀತು? ಆದುದರಿಂದ ಮುಂಚಿತವಾಗಿಯೇ ಕೃತಕವಾದ ಭಾರವನ್ನು ಹೇರಿ ನೋಡುತ್ತಾರೆ. ಅಲ್ಲಿ ದೊರೆತ ಸಂಖ್ಯೆಯನ್ನು ನಂಬಿ ಯಂತ್ರಗಳನ್ನು ಕೊಳ್ಳುತ್ತಾರೆ, ಅನೇಕ ವೇಳೆ ಸಾರ್ವಜನಿಕರ ಹಣದಿಂದ. ಆ ಸಂಖ್ಯೆ ಸುಳ್ಳಾದರೆ ನಷ್ಟವನ್ನು ಹೊರುವವರು ಅದನ್ನು ಬರೆದವರಲ್ಲ.

ಇಂಥ ಅಳತೆಗೆ ಒಂದು ಶಿಸ್ತನ್ನು ತಂದುಕೊಟ್ಟವರಲ್ಲಿ ಅಮೆರಿಕದ ಜಿಮ್ ಗ್ರೇ ಮುಖ್ಯರಾದವರು. 1985ನೆಯ ಏಪ್ರಿಲ್ 1ರ ‘ಡೇಟಾಮೇಷನ್’ ಪತ್ರಿಕೆಯಲ್ಲಿ ಅವರೂ ಅವರ ಸಂಗಡಿಗರೂ ಒಂದು ಲೇಖನವನ್ನು ಪ್ರಕಟಿಸಿ, ಬ್ಯಾಂಕಿನ ಗುಮಾಸ್ತನೊಬ್ಬ ಖಾತೆಗೆ ಹಣ ಜಮಾ ಮಾಡುವ ಇಲ್ಲವೇ ಖರ್ಚು ಹಾಕುವ ಸರಳ ವ್ಯವಹಾರವನ್ನೇ ಅಳತೆಯ ಮಾನವಾಗಿ ಸೂಚಿಸಿದರು. ಲೇಖಕರ ಸ್ಥಾನದಲ್ಲಿ ಹೆಸರುಗಳಿರಲಿಲ್ಲ. ‘ಅನಾಮಧೇಯ ಮತ್ತು ಇತರರು’ ಎಂಬರ್ಥದ ಮಾತು ಮಾತ್ರ ಇತ್ತು! 1988ರಲ್ಲಿ ಇಂಥ ಪರೀಕ್ಷೆಗಳಿಗೆ ನಿಯಮಗಳನ್ನು ರಚಿಸುವ ವ್ಯವಹಾರ ಸಂಸ್ಕರಣ ಕಾರ್ಯಕ್ಷಮತಾ ಮಂಡಲಿ, ಎಂದರೆ ಟಿಪಿಸಿ, ಸ್ಥಾಪಿತವಾಯಿತು. ಜಿಮ್ ಗ್ರೇ ಅವರನ್ನು ಮುಂದೆ ಇನ್ನೊಂದು ಕಾರಣಕ್ಕಾಗಿ ಮತ್ತೆ ನೆನೆಯಬೇಕಾಗುತ್ತದೆ.

ನಮ್ಮಂಥ ವಿದ್ಯಾರ್ಥಿಗಳ ಕೈಗೆ ಸುಲಭವಾಗಿ ಎಟಕುವ ಉಪಕರಣ ಸಿಸ್‌ಬೆಂಚ್ ಎಂಬುದು. ಅಲೆಕ್ಸೇ ಕೊಪಿಟೋವ್ ಎಂಬವರು ಇದರ ಮುಖ್ಯ ಕರ್ತೃ, 2004ರಿಂದ ಬೆಳೆದುಬಂದಿದೆ, 1.0 ಎಂಬ ಆವೃತ್ತಿ 2017ರಲ್ಲಿ ಬಂತು. ಇದರ ಮೂಲಸಂಹಿತೆ ಮುಕ್ತವಾದುದು: ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಒಳಗಿನ ಯಂತ್ರಭಾಗ ಸಿ ಭಾಷೆಯಲ್ಲಿದೆ. ಯಾವ ಕೆಲಸವನ್ನು ಮಾಡಬೇಕೆಂಬ ವಿಧಿ ಮಾತ್ರ ಲುವಾ ಎಂಬ ಚಿಕ್ಕ ಭಾಷೆಯಲ್ಲಿದ್ದು, ಅದನ್ನು ಲುವಾಜಿಟ್ ಎಂಬ ಅನುವಾದಕ ಕ್ಷಿಪ್ರವಾಗಿ ಯಂತ್ರಭಾಷೆಗೆ ತಿರುಗಿಸುತ್ತದೆ.

ಅದರ ಕೆಲಸದ ರೀತಿ ಹೀಗೆ. ನಾವು ಇಷ್ಟು ಥ್ರೆಡ್‌ಗಳು ಬೇಕೆಂದು ಹೇಳುತ್ತೇವೆ. ಥ್ರೆಡ್ ಎಂದರೆ ನೂಲಿನ ಎಳೆ. ಇಲ್ಲಿ ಒಂದೊಂದು ಎಳೆಯನ್ನೂ ಕೌಂಟರಿನ ಮುಂದೆ ನಿಂತ ಒಬ್ಬೊಬ್ಬ ಗಿರಾಕಿ ಎಂದು ಭಾವಿಸಬಹುದು. ಪ್ರತಿಯೊಂದು ಥ್ರೆಡ್ಡೂ ಡೇಟಾಬೇಸ್ ಸರ್ವರಿನೊಡನೆ ತನ್ನದೇ ಸಂಪರ್ಕವನ್ನು ತೆರೆದು, ಕೊಟ್ಟ ಕಾಲ ಮುಗಿಯುವವರೆಗೆ ಮತ್ತೆ ಮತ್ತೆ ವ್ಯವಹಾರ ನಡೆಸುತ್ತದೆ. ಓದುಬರಹಗಳೆರಡೂ ಕೂಡಿದ ಸಾಮಾನ್ಯ ಪರೀಕ್ಷೆಯಲ್ಲಿ ಒಂದು ವ್ಯವಹಾರಕ್ಕೆ 20 ಆಜ್ಞೆಗಳು: ಓದುವವು 14, ಬರೆಯುವವು 4, ಆರಂಭ ಮುಕ್ತಾಯಗಳಿಗೆ 2. ಕೊನೆಯಲ್ಲಿ ಸೆಕೆಂಡಿಗೆ ಎಷ್ಟು ವ್ಯವಹಾರಗಳು ಮುಗಿದವೆಂದು ಒಂದು ಪಟ್ಟಿ ಹೊರಬರುತ್ತದೆ. ಹೊರಬಂದರೆ ಸರಿ, ಬಾರದೆ ಯಂತ್ರ ನಡುವೆಯೇ ನಿಂತರೆ ಏನು ಮಾಡಬೇಕು?

ಸಾಮಾನ್ಯವಾಗಿ ನಾವು ‘ಕ್ರ್ಯಾಷ್ ಆಯಿತು’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಸಂತೆಯಲ್ಲಿ ಅಕ್ಕಿಯ ಮೂಟೆ ತೂಗುವಾಗ ತಕ್ಕಡಿ ನೆಲಕ್ಕೆ ಬಿತ್ತೆನ್ನಿ. ತಕ್ಕಡಿಯ ಕೋಲು ಮುರಿಯಿತೇ, ಮೂಟೆ ಹರಿಯಿತೇ, ಹಿಡಿದವನ ಕೈ ಸೋತಿತೇ, ಅಥವಾ ‘ಇಷ್ಟು ಭಾರ ನಾನು ತೂಗಲಾರೆ’ ಎಂದು ಅವನೇ ಇಳಿಸಿಬಿಟ್ಟನೇ ಎಂಬ ವಿಚಾರವಿಲ್ಲದೆ ಹೊಸ ತಕ್ಕಡಿ ತರಲು ಓಡುವವನನ್ನು ಕಂಡರೆ ನಾವು ನಗುತ್ತೇವೆ. ಗಣಕದ ಮುಂದೆ ಕುಳಿತಾಗ ನಾವೂ ಅದನ್ನೇ ಮಾಡುತ್ತೇವೆ. ತಂತ್ರಾಂಶವನ್ನು ಅಳಿಸಿ ಮತ್ತೆ ಸ್ಥಾಪಿಸುತ್ತೇವೆ. ಏಕೆ ಬಿದ್ದಿತು ಎನ್ನುವುದಕ್ಕೆ ಮೊದಲು ಬಿದ್ದುದು ಯಾವುದು ಎಂದು ಕೇಳಬೇಕು. ಉಪಕರಣವೋ, ಡೇಟಾಬೇಸ್ ಸರ್ವರೋ, ಇವೆರಡನ್ನೂ ಹೊತ್ತಿರುವ ಕಾರ್ಯಾಚರಣ ವ್ಯವಸ್ಥೆಯ ಯಾವುದಾದರೊಂದು ಮಿತಿಯೋ?

ಇದಕ್ಕೆ ಲಿನಕ್ಸ್ ವ್ಯವಸ್ಥೆ ಒಂದು ಚಿಕ್ಕ ಸಾಕ್ಷಿಯನ್ನು ಉಳಿಸಿರುತ್ತದೆ. ಯಾವುದೇ ಕಾರ್ಯಕ್ರಮ ಮುಗಿದಾಗ ಅದು ಒಂದು ನಿರ್ಗಮನ ಸಂಖ್ಯೆಯನ್ನು ಬಿಟ್ಟುಹೋಗುತ್ತದೆ. ಸುಸೂತ್ರವಾಗಿ ಮುಗಿದರೆ 0. ತಾನೇ ದೋಷವನ್ನು ಕಂಡು, ಕಾರಣವನ್ನು ಬರೆದು ಹೊರಟುಹೋದರೆ ಸಾಮಾನ್ಯವಾಗಿ 1. ಹೊರಗಿನಿಂದ ಬಂದ ಸಂಕೇತದಿಂದ ಸತ್ತಿದ್ದರೆ ಆ ಸಂಕೇತದ ಸಂಖ್ಯೆಗೆ 128ನ್ನು ಕೂಡಿಸಿ ತೋರಿಸುತ್ತದೆ. ಹಾಗಾಗಿ 137 ಕಂಡರೆ 9ನೆಯ ಸಂಕೇತ, ಎಂದರೆ ಬಲವಂತದ ಕೊಲೆ. 139 ಕಂಡರೆ 11ನೆಯದು, ತನ್ನದಲ್ಲದ ಸ್ಮೃತಿಸ್ಥಳಕ್ಕೆ ಕೈಚಾಚಿದ್ದಕ್ಕಾಗಿ ಬಂದ ಮರಣ. 134 ಕಂಡರೆ 6ನೆಯದು, ಒಳಗಿನ ಅಸಂಗತಿಯನ್ನು ಕಂಡು ಕಾರ್ಯಕ್ರಮ ತಾನೇ ಮಾಡಿಕೊಂಡ ಅಂತ್ಯ. ಪರದೆಯ ಮೇಲೆ ಮುಂದಿನ ಆಜ್ಞೆಯನ್ನು ಬರೆಯುವುದಕ್ಕೆ ಮುಂಚೆಯೇ ಈ ಸಂಖ್ಯೆಯನ್ನು ನೋಡಿಕೊಳ್ಳಬೇಕು. ಇನ್ನೊಂದು ಆಜ್ಞೆ ಓಡಿದೊಡನೆ ಅದು ಅಳಿಸಿಹೋಗುತ್ತದೆ.

ಈ ನಾಲ್ಕರಲ್ಲಿ ನಮಗೆ ಬಹಳವಾಗಿ ಎದುರಾಗುವುದು 1. ನಿಜವಾಗಿ ನೋಡಿದರೆ ಇದು ಕುಸಿತವೇ ಅಲ್ಲ, ನಿರಾಕರಣೆ. ಉಪಕರಣ ಕಾರಣವನ್ನು ಹೇಳಿಯೇ ಹೋಗಿರುತ್ತದೆ, ನಾವು ಓದಿರುವುದಿಲ್ಲ. ಮೈಎಸ್‌ಕ್ಯೂಎಲ್ ಸರ್ವರಿನಿಂದ 1040 ಎಂಬ ದೋಷಸಂಖ್ಯೆ ಬಂದರೆ ಸಂಪರ್ಕಗಳು ಮಿತಿಮೀರಿದವೆಂದು ಅರ್ಥ. ಮಿತಿಯನ್ನು ನಾವು ಬದಲಾಯಿಸದಿದ್ದರೆ ಅದು 151. 200 ಥ್ರೆಡ್‌ಗಳನ್ನು ಕೇಳಿದವನಿಗೆ ಇದು ತಪ್ಪದು. ಇದರಲ್ಲಿ ಹೆಚ್ಚಿನ ವಿಚಾರವೇನೂ ಇಲ್ಲ. ಆದರೆ ಇದೇ ಜಾತಿಯ ಇನ್ನೊಂದು ನಿರಾಕರಣೆಯುಂಟು; ಅದು ಬಹು ಸ್ವಾರಸ್ಯವಾದುದು. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡೋಣ.

ಒಬ್ಬ ವಿದ್ಯಾರ್ಥಿ 16 ಕೋಷ್ಟಕಗಳನ್ನು ಸಿದ್ಧಪಡಿಸಿಕೊಂಡು 64 ಥ್ರೆಡ್‌ಗಳಿಂದ ಪರೀಕ್ಷೆ ನಡೆಸುತ್ತಾನೆ, ಸರಾಗವಾಗಿ ನಡೆಯುತ್ತದೆ. ಕೋಷ್ಟಕಗಳನ್ನು 32ಕ್ಕೆ ಏರಿಸುತ್ತಾನೆ. ಪರೀಕ್ಷೆ ಆರಂಭದಲ್ಲಿಯೇ ನಿಂತುಹೋಗುತ್ತದೆ. ಕೋಷ್ಟಕಗಳು ಹೆಚ್ಚಾದುದೇ ದೋಷವೆಂದು ತಿಳಿದು, 32 ಕೋಷ್ಟಕಗಳನ್ನು ಹಾಗೆಯೇ ಇಟ್ಟು 16 ಥ್ರೆಡ್‌ಗಳಿಂದ ನೋಡುತ್ತಾನೆ, ನಡೆಯುತ್ತದೆ! ಹಾಗಾದರೆ ಥ್ರೆಡ್‌ಗಳು ಹೆಚ್ಚಾದುದು ದೋಷವೇ? 64 ಥ್ರೆಡ್‌ಗಳು ಮೊದಲೇ ಸರಿಯಾಗಿ ನಡೆದಿದ್ದವಲ್ಲ! ಕೋಷ್ಟಕವೂ ನಿರ್ದೋಷಿ, ಥ್ರೆಡ್ಡೂ ನಿರ್ದೋಷಿ. ಎರಡೂ ಜೊತೆಗೂಡಿದಾಗ ಮಾತ್ರ ಅಪರಾಧ. ಪರದೆಯ ಮೇಲೆ 1461 ಎಂಬ ದೋಷಸಂಖ್ಯೆಯೂ, ಅದರ ಜೊತೆಗೆ 16382 ಎಂಬ ಇನ್ನೊಂದು ಸಂಖ್ಯೆಯೂ ಇರುತ್ತವೆ.

ಇದನ್ನು ಬಿಡಿಸಲು ಸಿದ್ಧವಾಕ್ಯ ಎಂಬುದನ್ನು ತಿಳಿಯಬೇಕು. ಅಂಚೆ ಕಚೇರಿಯಲ್ಲಿ ಅಚ್ಚಾದ ಫಾರಂ ಇರುತ್ತದೆ. ಹೆಸರು, ಮೊತ್ತಗಳ ಜಾಗ ಮಾತ್ರ ಖಾಲಿ. ಪ್ರತಿಸಲವೂ ಇಡೀ ಅರ್ಜಿಯನ್ನು ಬರೆಯುವ ಬದಲು ಖಾಲಿ ಜಾಗವನ್ನು ತುಂಬಿದರಾಯಿತು. ಅದೇ ರೀತಿ ಒಂದು ಆಜ್ಞೆಯನ್ನು ಡೇಟಾಬೇಸಿಗೆ ಮೊದಲೇ ಕಳುಹಿಸಿ, ಅದರ ವ್ಯಾಕರಣವನ್ನು ಒಮ್ಮೆ ಬಿಡಿಸಿಡಿಸಿ, ಬಳಿಕ ಬೆಲೆಗಳನ್ನು ಮಾತ್ರ ಕಳುಹಿಸುತ್ತ ಹೋಗುವುದುಂಟು. ಇದೇ ಸಿದ್ಧವಾಕ್ಯ. ಸಿಸ್‌ಬೆಂಚ್ ತಾನಾಗಿ ಈ ಕ್ರಮವನ್ನೇ ಹಿಡಿಯುತ್ತದೆ. ಓದುಬರಹದ ಪರೀಕ್ಷೆಯ ವಿಧಿಯನ್ನು ತೆರೆದು ಓದಿದರೆ ಪ್ರತಿಯೊಂದು ಕೋಷ್ಟಕಕ್ಕೂ 9 ಬಗೆಯ ವಾಕ್ಯಗಳು ಸಿದ್ಧವಾಗುವುದು ಕಾಣುತ್ತದೆ: ಒಂದೇ ಸಾಲನ್ನು ಓದುವುದು 1, ಸಾಲುಗಳ ಶ್ರೇಣಿಯನ್ನು ಓದುವವು 4, ತಿದ್ದುವವು 2, ಅಳಿಸುವುದು 1, ಸೇರಿಸುವುದು 1. ಮತ್ತು ಸಂಪರ್ಕ ಬೇರೆಯಾದರೆ ಫಾರಮ್ಮೂ ಬೇರೆ. ಒಂದು ಥ್ರೆಡ್ಡಿನದು ಇನ್ನೊಂದಕ್ಕೆ ನಡೆಯದು.

ಈಗ ಲೆಕ್ಕ ಮಾಡೋಣ. 64 ಥ್ರೆಡ್, 16 ಕೋಷ್ಟಕ, 9 ವಾಕ್ಯ: 9216. 64 ಥ್ರೆಡ್, 32 ಕೋಷ್ಟಕ, 9 ವಾಕ್ಯ: 18432. ಮೈಎಸ್‌ಕ್ಯೂಎಲ್ ಸರ್ವರು ಒಂದು ಕಾಲಕ್ಕೆ ಇಟ್ಟುಕೊಳ್ಳುವ ಸಿದ್ಧವಾಕ್ಯಗಳ ಮಿತಿ, ನಾವು ಬದಲಾಯಿಸದಿದ್ದರೆ, 16382. ಒಗಟು ಬಿಡಿಸಿಹೋಯಿತು. ಮಿತಿಯನ್ನು ಮುಟ್ಟುವುದು ಗುಣಲಬ್ಧ. ಗುಣಕವನ್ನೋ ಗುಣ್ಯವನ್ನೋ ಬೇರೆಬೇರೆಯಾಗಿ ವಿಚಾರಿಸಿದರೆ ಎರಡೂ ಕೈ ತೊಳೆದುಕೊಳ್ಳುತ್ತವೆ. ಪರೀಕ್ಷೆ ನಡುವೆ ನಿಲ್ಲದೆ ಆರಂಭದಲ್ಲಿಯೇ ನಿಂತುದಕ್ಕೂ ಕಾರಣ ಇದರಿಂದಲೇ ತಿಳಿಯುತ್ತದೆ: ವಾಕ್ಯಗಳನ್ನು ಸಿದ್ಧಪಡಿಸುವುದು ಥ್ರೆಡ್ ಹುಟ್ಟುವಾಗ, ಕೆಲಸಕ್ಕೆ ಇಳಿಯುವುದಕ್ಕೆ ಮೊದಲು. ಯಾವ ಹಂತದಲ್ಲಿ ನಿಂತಿತೆಂಬುದೇ ಅರ್ಧ ಉತ್ತರ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆ 16382 ಇಡೀ ಸರ್ವರಿನ ಮಿತಿ, ಒಬ್ಬ ಬಳಕೆದಾರನದಲ್ಲ. ಗಣಕ ಪ್ರಯೋಗಶಾಲೆಯಲ್ಲಿ ಒಂದೇ ಸರ್ವರನ್ನು ಹಂಚಿಕೊಂಡಿರುವ ಇಬ್ಬರು ಏಕಕಾಲದಲ್ಲಿ 64 ಥ್ರೆಡ್, 16 ಕೋಷ್ಟಕಗಳ ಪರೀಕ್ಷೆಯನ್ನು ನಡೆಸಿದರೆ, ತಲಾ 9216ರಂತೆ ಮೊತ್ತ ಮತ್ತೆ 18432 ಆಯಿತು. ಸಂಪರ್ಕಗಳು 128 ಮಾತ್ರ. 151ರ ಮಿತಿಯೊಳಗೇ ಇವೆ. ಹಾಗಾಗಿ ಮೊದಲು ಆರಂಭಿಸಿದವನದು ನಡೆಯುತ್ತದೆ, ಎರಡನೆಯವನದು ನಿಲ್ಲುತ್ತದೆ. ಎರಡನೆಯವನು ಬೆಳಿಗ್ಗೆ ಇದೇ ಆಜ್ಞೆಯನ್ನು ಅಕ್ಷರವೂ ಬದಲಿಸದೆ ಓಡಿಸಿ ಯಶಸ್ಸು ಕಂಡಿದ್ದಾನೆ. ಸಂಜೆ ಅದೇ ಆಜ್ಞೆ ಸೋಲುತ್ತದೆ. ಅವನು ತನ್ನ ವಿಧಿಯಲ್ಲಿ ದೋಷ ಹುಡುಕುತ್ತ ರಾತ್ರಿ ಕಳೆಯುತ್ತಾನೆ, ದೋಷವಾದರೋ ಪಕ್ಕದ ಮೇಜಿನಲ್ಲಿದೆ! ಸರ್ವರಿನ ಸ್ಥಿತಿಸೂಚಿಯಲ್ಲಿ ಈಗ ಎಷ್ಟು ಸಿದ್ಧವಾಕ್ಯಗಳಿವೆಯೆಂದು ತೋರಿಸುವ ಒಂದು ಎಣಿಕೆ ಇದೆ. ತನ್ನ ಪರೀಕ್ಷೆಯನ್ನು ಆರಂಭಿಸುವ ಮೊದಲು ಅದನ್ನು ನೋಡಿದ್ದರೆ ಸಾಕಾಗಿತ್ತು.

ಪರಿಹಾರ ಮೂರು ವಿಧ. ಸರ್ವರಿನ ಮಿತಿಯನ್ನು ಏರಿಸಬಹುದು. ಥ್ರೆಡ್‌ಗಳನ್ನೋ ಕೋಷ್ಟಕಗಳನ್ನೋ ಇಳಿಸಬಹುದು. ಸಿದ್ಧವಾಕ್ಯಗಳೇ ಬೇಡವೆಂದು ಉಪಕರಣಕ್ಕೆ ಹೇಳಬಹುದು. ಮೂರರಿಂದಲೂ ದೋಷ ಮಾಯವಾಗುತ್ತದೆ. ಆದರೆ ಮೂರೂ ಸಮವೆಂದು ಭಾವಿಸಿದರೆ ಕೆಟ್ಟೆವು. ಮೊದಲನೆಯದರಲ್ಲಿ ನಾವು ಅಳೆಯಬೇಕೆಂದಿದ್ದುದನ್ನೇ ಅಳೆಯುತ್ತೇವೆ. ಎರಡನೆಯದರಲ್ಲಿ ಭಾರವನ್ನೇ ಕಡಿಮೆ ಮಾಡಿದ್ದೇವೆ. ಮೂರನೆಯದರಲ್ಲಿ ಭಾರ ಅಷ್ಟೇ ಇದ್ದರೂ ಕೆಲಸದ ಸ್ವರೂಪ ಬದಲಾಯಿತು. ಈಗ ಸರ್ವರು ಪ್ರತಿಯೊಂದು ಆಜ್ಞೆಯನ್ನೂ ಹೊಸದಾಗಿ ಬಿಡಿಸಿ ಓದಬೇಕು. ನಿನ್ನೆಯ ಸಂಖ್ಯೆಯ ಪಕ್ಕದಲ್ಲಿ ಇಂದಿನ ಸಂಖ್ಯೆಯನ್ನಿಟ್ಟು ‘ವೇಗ ಕುಗ್ಗಿತು’ ಎಂದು ಬರೆಯುವುದು ಸೇರಿನಿಂದ ಅಳೆದುದನ್ನು ಪಾವಿನಿಂದ ಅಳೆದುದಕ್ಕೆ ಹೋಲಿಸಿದಂತೆ. ಬರೆಯಲೇಬೇಕಾದರೆ ಯಾವ ಪರಿಹಾರದಿಂದ ಪರೀಕ್ಷೆ ನಡೆಯಿತೆಂಬುದನ್ನೂ ಸಂಖ್ಯೆಯ ಪಕ್ಕದಲ್ಲಿಯೇ ಬರೆಯಬೇಕು.

ಇದಕ್ಕಿಂತ ಅಪಾಯಕರವಾದ ನಾಲ್ಕನೆಯ ದಾರಿಯೊಂದಿದೆ. ದುರ್ದೈವದಿಂದ ಅದೇ ಅತ್ಯಂತ ಸುಲಭ. ಯಾವ ದೋಷಸಂಖ್ಯೆಗಳನ್ನು ಕಂಡೂ ಕಾಣದಂತೆ ಮುಂದುವರಿಯಬೇಕೆಂದು ಸಿಸ್‌ಬೆಂಚಿಗೆ ಹೇಳುವ ಅವಕಾಶವುಂಟು. ತಾನಾಗಿ ಅದು ಮೂರನ್ನು ಮಾತ್ರ ಹೀಗೆ ಕ್ಷಮಿಸುತ್ತದೆ: 1213, 1020, 1205. ಮೊದಲನೆಯದು ಎರಡು ವ್ಯವಹಾರಗಳು ಪರಸ್ಪರ ಬೀಗಕ್ಕಾಗಿ ಕಾದು ಸಿಕ್ಕಿಕೊಂಡಾಗ, ಕೊನೆಯದು ಬೀಗಕ್ಕಾಗಿ ಕಾಯುವ ಗಡುವು ಮೀರಿದಾಗ ಬರುವಂಥದು. ಜನನಿಬಿಡವಾದ ಡೇಟಾಬೇಸಿನಲ್ಲಿ ಇವು ಸಹಜ. ಅಂಥ ವ್ಯವಹಾರವನ್ನು ಮತ್ತೆ ಮಾಡಿದರೆ ಸರಿಹೋಗುತ್ತದೆ. ಇದರಲ್ಲಿ ಆಕ್ಷೇಪಿಸುವಂಥದೇನೂ ಇಲ್ಲ. ಆದರೆ ಎಲ್ಲ ದೋಷಗಳನ್ನೂ ಕ್ಷಮಿಸಿಬಿಡು ಎಂದು ಹೇಳಲೂ ಬರುತ್ತದೆ. ಹಾಗೆ ಹೇಳಿದೊಡನೆ ಕುಸಿತಗಳು ನಿಂತುಹೋಗುತ್ತವೆ, ಪಟ್ಟಿ ಸುಂದರವಾಗಿ ಹೊರಬರುತ್ತದೆ.

ಒಂದು ನಿದರ್ಶನ ಕೊಡುತ್ತೇನೆ. ಈ ಪರೀಕ್ಷೆಯ ವಿಧಿಯಲ್ಲಿ ಒಂದು ಸಾಲನ್ನು ಅಳಿಸಿ, ಅದೇ ಕ್ರಮಾಂಕದಿಂದ ಹೊಸ ಸಾಲನ್ನು ಸೇರಿಸುವ ಕೆಲಸವಿದೆ. ಎರಡೂ ಒಂದೇ ವ್ಯವಹಾರದೊಳಗಿದ್ದರೆ ತೊಂದರೆಯಿಲ್ಲ. ಒಬ್ಬನ ಕೆಲಸ ಮುಗಿಯುವವರೆಗೆ ಇನ್ನೊಬ್ಬ ಹೊರಗೆ ಕಾಯುತ್ತಾನೆ. ವೇಗ ಹೆಚ್ಚಲೆಂದು ವ್ಯವಹಾರದ ಕಟ್ಟನ್ನು ತೆಗೆದುಹಾಕಿದರೆಂದು ಭಾವಿಸಿ. ಒಂದು ಥ್ರೆಡ್ 500ನೆಯ ಸಾಲನ್ನು ಅಳಿಸಿತು. ಅದು ಹೊಸ ಸಾಲನ್ನು ಸೇರಿಸುವುದಕ್ಕೆ ಮೊದಲೇ ಇನ್ನೊಂದು ಥ್ರೆಡ್ ಅದೇ 500ನ್ನು ಅಳಿಸಲು ಬಂದು, ಅಲ್ಲಿ ಏನೂ ಇಲ್ಲದ್ದನ್ನು ಕಂಡು ಮುಂದೆ ಹೋಯಿತು. ಈಗ ಇಬ್ಬರೂ 500 ಎಂಬ ಸಾಲನ್ನು ಸೇರಿಸಬೇಕು. ಮೊದಲು ಬಂದವರದು ನಡೆಯಿತು. ಎರಡನೆಯವರಿಗೆ ‘ಈ ಕ್ರಮಾಂಕ ಆಗಲೇ ಇದೆ’ ಎಂದು 1062 ಎಂಬ ದೋಷ. 1062 ಕ್ಷಮೆಯ ಪಟ್ಟಿಯಲ್ಲಿಲ್ಲ, ಪರೀಕ್ಷೆ ನಿಂತುಹೋಗುತ್ತದೆ. ಇದನ್ನು ಉಪಕರಣದ ಕುಸಿತವೆಂದು ಬೈಯುವವರುಂಟು. ನನ್ನ ಅಭಿಪ್ರಾಯದಲ್ಲಿ ಉಪಕರಣ ಇಲ್ಲಿ ಮಾಡಿದುದು ತಕ್ಕ ಕೆಲಸವೇ. ವ್ಯವಹಾರದ ಕಟ್ಟು ಹೋದಾಗ ಏನಾಗುತ್ತದೆಂಬುದನ್ನು ಅದು ತೋರಿಸಿಕೊಟ್ಟಿತು. ಕ್ಷಮೆಯ ಪಟ್ಟಿಗೆ 1062ನ್ನು ಸೇರಿಸುವವನು ಆ ಸಾಕ್ಷಿಯನ್ನು ಬಾಯಿಮುಚ್ಚಿಸುತ್ತಾನೆ.

ಹೀಗೆ ಬಾಯಿಮುಚ್ಚಿಸಿದರೂ ಸಿಸ್‌ಬೆಂಚ್ ಒಂದು ಉಪಕಾರ ಮಾಡುತ್ತದೆ. ಕೊನೆಯ ಪಟ್ಟಿಯಲ್ಲಿ ಎರಡು ಸಾಲುಗಳಿವೆ: ಕ್ಷಮಿಸಿದ ದೋಷಗಳೆಷ್ಟು, ಮರುಸಂಪರ್ಕಗಳೆಷ್ಟು. ಬಹುಮಂದಿ ಮೇಲಿನ ಸಾಲಿನ ದೊಡ್ಡ ಸಂಖ್ಯೆಯನ್ನು ಬರೆದುಕೊಂಡು ಪರದೆಯನ್ನು ಮುಚ್ಚುತ್ತಾರೆ. ಯಾರಾದರೂ ಒಂದು ಬೆಂಚ್‌ಮಾರ್ಕಿನ ಫಲಿತಾಂಶವನ್ನು ನಮ್ಮ ಮುಂದಿಟ್ಟರೆ ನಾವು ಮೊದಲು ಕೇಳಬೇಕಾದುದು ಈ ಎರಡು ಸಾಲುಗಳನ್ನು. ಅವು ಸೊನ್ನೆಯಾಗಿದ್ದರೆ ಮಿಕ್ಕ ಮಾತು.

ಇನ್ನು ಸರ್ವರೇ ಸತ್ತ ಸಂದರ್ಭ. ಪರೀಕ್ಷೆ ಚೆನ್ನಾಗಿ ನಡೆಯುತ್ತಿರುವಾಗಲೇ ಎಲ್ಲ ಥ್ರೆಡ್‌ಗಳೂ ಒಟ್ಟಿಗೆ 2013 ಎಂಬ ದೋಷವನ್ನು ಕೂಗಿ ನಿಲ್ಲುತ್ತವೆ. ಆಜ್ಞೆ ನಡೆಯುತ್ತಿರುವಾಗ ಸಂಪರ್ಕ ಕಡಿಯಿತೆಂದು ಅದರ ಅರ್ಥ. ಇಲ್ಲಿ ಸಿಸ್‌ಬೆಂಚ್ ಬೇರೊಬ್ಬರ ಮರಣವಾರ್ತೆಯನ್ನು ತಂದ ಅಂಚೆಯವನು ಮಾತ್ರ. ಆದರೆ ಸರ್ವರನ್ನು ಹೋಗಿ ನೋಡಿದರೆ ಅದು ಜೀವಂತವಾಗಿ ಕುಳಿತಿರುತ್ತದೆ! ವಿಚಿತ್ರವೇನಲ್ಲ. ಇಂದಿನ ಲಿನಕ್ಸ್ ವ್ಯವಸ್ಥೆಗಳಲ್ಲಿ ಸತ್ತ ಸರ್ವರನ್ನು ಕೂಡಲೇ ಎಬ್ಬಿಸುವ ಮೇಲ್ವಿಚಾರಕನೊಬ್ಬ ಸಾಮಾನ್ಯವಾಗಿ ಇರುತ್ತಾನೆ. ನಾವು ಹೋಗುವ ಹೊತ್ತಿಗೆ ಅದು ಮರುಜನ್ಮ ತಾಳಿರುತ್ತದೆ. ಸತ್ಯವನ್ನು ಹೊರಡಿಸಲು ಅದರ ವಯಸ್ಸನ್ನು ಕೇಳಬೇಕು. ತಾನು ಎಷ್ಟು ಸೆಕೆಂಡುಗಳಿಂದ ಬದುಕಿದ್ದೇನೆಂಬುದನ್ನು ಸರ್ವರು ಸ್ಥಿತಿಸೂಚಿಯಲ್ಲಿ ಇಟ್ಟಿರುತ್ತದೆ. ಪರೀಕ್ಷೆ ಆರಂಭವಾಗಿ 600 ಸೆಕೆಂಡಾಗಿದ್ದು ಸರ್ವರಿನ ವಯಸ್ಸು 40 ಸೆಕೆಂಡಾದರೆ ನಡುವೆ ಸಾವು ಸಂಭವಿಸಿತೆಂಬುದು ನಿಸ್ಸಂಶಯ.

ಕೊಂದವರು ಯಾರು? ಅನೇಕ ವೇಳೆ ಲಿನಕ್ಸಿನ ತಿರುಳೇ. ಯಂತ್ರದಲ್ಲಿ ಸ್ಮೃತಿ ಪೂರ್ತಿ ಮುಗಿದಾಗ, ಇಡೀ ವ್ಯವಸ್ಥೆಯನ್ನು ಉಳಿಸಿಕೊಳ್ಳಲು ಅದು ಒಂದು ಕಾರ್ಯಕ್ರಮವನ್ನು ಬಲಿಕೊಡುತ್ತದೆ; ಹೆಚ್ಚು ಸ್ಮೃತಿಯನ್ನು ಹಿಡಿದಿರುವುದೇ ಸಾಮಾನ್ಯವಾಗಿ ಬಲಿಯ ಕುರಿ. ಡೇಟಾಬೇಸ್ ಸರ್ವರಿಗಿಂತ ದೊಡ್ಡ ಹೊಟ್ಟೆಯವರು ಯಾರಿದ್ದಾರೆ? 9ನೆಯ ಸಂಕೇತದಿಂದ ಸಾಯುವವರಿಗೆ ಕೊನೆಯ ಮಾತನಾಡಲೂ ಅವಕಾಶವಿಲ್ಲ, ಆದ್ದರಿಂದ ಸರ್ವರಿನ ಸ್ವಂತ ದಾಖಲೆಯಲ್ಲಿ ಏನೂ ಇರುವುದಿಲ್ಲ. ತಿರುಳಿನ ದಾಖಲೆಯಲ್ಲಿ ಮಾತ್ರ ಸ್ಮೃತಿ ಮುಗಿದು ಇಂಥವನನ್ನು ಕೊಂದೆನೆಂಬ ಒಂದು ಸಾಲು ಸಿಗುತ್ತದೆ. ಸರ್ವರನ್ನೂ ಸಿಸ್‌ಬೆಂಚನ್ನೂ ಒಂದೇ ಪುಟ್ಟ ಯಂತ್ರದಲ್ಲಿಟ್ಟು ಪರೀಕ್ಷಿಸುವ ನಮ್ಮಂಥವರಿಗೆ ಇದು ಮೇಲಿಂದ ಮೇಲೆ ಆಗುವಂಥದು. ಭಾರ ಹೇರುವವನೂ ಹೊರುವವನೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದಾರೆ.

ಕೊನೆಗೆ 139, ಎಂದರೆ ಉಪಕರಣದ ನಿಜವಾದ ಕುಸಿತ. ಸಿ ಭಾಷೆಯ ಕಾರ್ಯಕ್ರಮ ತಪ್ಪು ವಿಳಾಸಕ್ಕೆ ಹೋದರೆ ಹೀಗಾಗುತ್ತದೆ. ಕಾರಣಗಳಲ್ಲಿ ಎರಡನ್ನು ಮೊದಲು ಪರಿಶೀಲಿಸುವುದು ಲೇಸು. ಉಪಕರಣವನ್ನು ಡೇಟಾಬೇಸಿನ ಒಂದು ಆವೃತ್ತಿಯ ಗ್ರಾಹಕ ಭಂಡಾರದೊಡನೆ ಕಟ್ಟಿ, ಓಡಿಸುವಾಗ ಬೇರೊಂದು ಆವೃತ್ತಿಯ ಭಂಡಾರ ಸಿಕ್ಕಿದರೆ, ಒಬ್ಬನು ಮೂರನೆಯ ಕಪಾಟಿನಲ್ಲಿಟ್ಟುದನ್ನು ಇನ್ನೊಬ್ಬ ಐದನೆಯದರಲ್ಲಿ ಹುಡುಕಿದಂತಾಗುತ್ತದೆ. ಕಾರ್ಯಕ್ರಮಕ್ಕೆ ಯಾವ ಯಾವ ಭಂಡಾರಗಳು ಜೋಡಣೆಯಾಗಿವೆಯೆಂದು ತೋರಿಸುವ ಎಲ್‌ಡಿಡಿ ಎಂಬ ಆಜ್ಞೆಯಿಂದ ಇದು ನಿಮಿಷಮಾತ್ರದಲ್ಲಿ ತಿಳಿಯುತ್ತದೆ. ಎರಡನೆಯದು ನಾವೇ ಬರೆದ ಲುವಾ ವಿಧಿ. ಬರಿಯ ಲುವಾದಲ್ಲಿ ತಪ್ಪಿದರೆ ಸಭ್ಯವಾದ ದೋಷವಾಕ್ಯ ಬರುತ್ತದೆ. ಆದರೆ ಲುವಾಜಿಟ್ಟಿನ ಎಫ್‌ಎಫ್‌ಐ ಎಂಬ ಸೌಲಭ್ಯದಿಂದ ಸ್ಮೃತಿಯನ್ನು ನೇರವಾಗಿ ಮುಟ್ಟಹೊರಟರೆ ಆ ಸಭ್ಯತೆ ಉಳಿಯದು.

ಲುವಾಜಿಟ್ಟಿನದೇ ಇನ್ನೊಂದು ಒಗಟುಂಟು. ಸಾವಿರಾರು ಥ್ರೆಡ್‌ಗಳನ್ನು ಕೇಳಿದಾಗ ‘ಸ್ಮೃತಿ ಸಾಲದು’ ಎಂಬ ಗಾಬರಿಯ ಮಾತಿನೊಡನೆ ಉಪಕರಣ ನಿಲ್ಲಬಹುದು. ಯಂತ್ರದಲ್ಲಿ ನೋಡಿದರೆ ಸ್ಮೃತಿ ಯಥೇಚ್ಛವಾಗಿ ಖಾಲಿ ಇರುತ್ತದೆ. ಬಾವಿಯಲ್ಲಿ ನೀರಿಲ್ಲದೆ ಅಲ್ಲ, ಹಗ್ಗ ಗಿಡ್ಡವಾದುದರಿಂದ. ಹಳೆಯ ಕ್ರಮದಲ್ಲಿ ಕಟ್ಟಿದ ಲುವಾಜಿಟ್, 64 ಬಿಟ್ ಯಂತ್ರದಲ್ಲಿಯೂ ತನ್ನ ವಸ್ತುಗಳನ್ನು ವಿಳಾಸಗಳ ಕೆಳಭಾಗದಲ್ಲಿ, ಹೆಚ್ಚೆಂದರೆ 2 ಗಿಗಾಬೈಟಿನೊಳಗೆ ಮಾತ್ರ ಇಡಬಲ್ಲದು. ಸಿಸ್‌ಬೆಂಚ್ ಪ್ರತಿಯೊಂದು ಥ್ರೆಡ್ಡಿಗೂ ಬೇರೆ ಲುವಾ ಸ್ಥಿತಿಯನ್ನು ತೆರೆಯುತ್ತದೆ. ಎಲ್ಲವೂ ಅದೇ ಇಕ್ಕಟ್ಟಿನಲ್ಲಿ ಪಾಲು ಪಡೆಯಬೇಕು. ಯಂತ್ರಕ್ಕೆ ಹೊಸ ಸ್ಮೃತಿಫಲಕ ಕೊಂಡುಹಾಕಿದರೆ ಹಣ ದಂಡ. ಜಿಸಿ64 ಎಂಬ ಹೊಸ ಕ್ರಮದಲ್ಲಿ ಕಟ್ಟಿದ ಲುವಾಜಿಟ್ಟಿಗೆ ಈ ಕಟ್ಟುಪಾಡಿಲ್ಲ.

ಮಿತಿ ಎಲ್ಲಿದೆಯೆಂದು ಗೊತ್ತಿಲ್ಲದಾಗ ಅರ್ಧ ಮಾಡುತ್ತ ಹೋಗುವ ಕ್ರಮ ಉತ್ತಮವಾದುದು. 64 ಥ್ರೆಡ್ ನಡೆದು 1024 ನಡೆಯದಿದ್ದರೆ ಒಂದೊಂದಾಗಿ ಏರಿಸುವವನು 900ಕ್ಕೂ ಹೆಚ್ಚು ಸಲ ಓಡಿಸಬೇಕಾದೀತು. ನಡುವಿನ 544ನ್ನು ನೋಡಿ, ಅದರ ಫಲದಂತೆ ಮೇಲಿನ ಅಥವಾ ಕೆಳಗಿನ ಅರ್ಧವನ್ನು ಹಿಡಿಯುತ್ತ ಹೋದರೆ 10 ಸಲಕ್ಕೆ ಮಿತಿ ಸಿಗುತ್ತದೆ. ಸಿಕ್ಕಿದ ಮೇಲೆ ಆ ಸಂಖ್ಯೆಯೇ ಮಾತನಾಡುತ್ತದೆ. 151ರ ಆಸುಪಾಸಿನಲ್ಲಾದರೆ ಸರ್ವರಿನ ಸಂಪರ್ಕಗಳು. 1024ಕ್ಕೆ ತುಸು ಕೆಳಗಾದರೆ ಒಂದು ಕಾರ್ಯಕ್ರಮ ತೆರೆದಿಡಬಹುದಾದ ಕಡತಗಳ ಮಿತಿ, ಏಕೆಂದರೆ ಲಿನಕ್ಸಿನಲ್ಲಿ ಒಂದು ಸಂಪರ್ಕವೂ ಒಂದು ತೆರೆದ ಕಡತದ ಲೆಕ್ಕ, ಮತ್ತು ಆ ಮಿತಿ ಅನೇಕ ವ್ಯವಸ್ಥೆಗಳಲ್ಲಿ 1024.

ಆದರೆ ಈ ಕ್ರಮ ಪ್ರತಿಸಲವೂ ಒಂದೇ ರೀತಿ ಬೀಳುವ ದೋಷಕ್ಕೆ ಮಾತ್ರ ಸಲ್ಲುತ್ತದೆ. ಹತ್ತು ಸಲದಲ್ಲಿ ಒಮ್ಮೆ ಬಿದ್ದು, ಪರೀಕ್ಷಿಸಲು ಹೋದರೆ ಮಾಯವಾಗುವ ದೋಷಗಳೂ ಇವೆ. ಇಲ್ಲಿ ಜಿಮ್ ಗ್ರೇ ಮತ್ತೆ ಬರುತ್ತಾರೆ. ಅಳತೆಯ ಲೇಖನ ಬಂದ 1985ರಲ್ಲಿಯೇ ಅವರು ಟ್ಯಾಂಡೆಮ್ ಎಂಬ ಸಂಸ್ಥೆಯಲ್ಲಿದ್ದುಕೊಂಡು ಗಣಕಗಳು ಏಕೆ ನಿಲ್ಲುತ್ತವೆಂಬ ವಿಷಯವಾಗಿ ಒಂದು ವರದಿಯನ್ನು ಬರೆದರು. ಸದಾ ಒಂದೇ ರೀತಿ ಕಾಣಿಸಿಕೊಳ್ಳುವ ದೋಷಕ್ಕೆ ನೀಲ್ಸ್ ಬೋರ್ ಅವರ ಹೆಸರಿನಿಂದ ಬೋರ್‌ಬಗ್ ಎಂದೂ, ನೋಡಹೋದರೆ ಜಾರಿಕೊಳ್ಳುವ ದೋಷಕ್ಕೆ ಹೈಸನ್‌ಬರ್ಗ್ ಅವರ ಹೆಸರಿನಿಂದ ಹೈಸನ್‌ಬಗ್ ಎಂದೂ ಅದರಲ್ಲಿ ಕರೆದಿದ್ದಾರೆ. ಅವರು ಪರಿಶೀಲಿಸಿದ ನಿಲುಗಡೆಗಳಲ್ಲಿ ಯಂತ್ರಾಂಶಕ್ಕಿಂತಲೂ ತಂತ್ರಾಂಶಕ್ಕಿಂತಲೂ ಹೆಚ್ಚಿನ ಪಾಲು, ಶೇಕಡ 42ರಷ್ಟು, ವ್ಯವಸ್ಥೆಯ ನಿರ್ವಹಣೆಯ ಕಡೆಯಿಂದ ಬಂದುದು. ನಮ್ಮ 16382 ಆ ಜಾತಿಗೇ ಸೇರಿದುದು.

ಜಾರಿಕೊಳ್ಳುವ ದೋಷವನ್ನು ಹಿಡಿಯಲು ಸಿಸ್‌ಬೆಂಚಿನಲ್ಲಿ ಯಾದೃಚ್ಛಿಕ ಸಂಖ್ಯೆಗಳ ಬೀಜವನ್ನು ಸ್ಥಿರಪಡಿಸಬಹುದು. ನಾವು ಕೊಡದಿದ್ದರೆ ಅದು ಗಡಿಯಾರದಿಂದ ಬೀಜವನ್ನು ತೆಗೆದುಕೊಳ್ಳುತ್ತದೆ. ಆಗ ಪ್ರತಿಯೊಂದು ಓಟವೂ ಬೇರೆ. ಒಂದೇ ಥ್ರೆಡ್ ಇದ್ದಾಗ ಬೀಜ ಬಹಳ ಸಹಾಯಕ. ಅನೇಕ ಥ್ರೆಡ್‌ಗಳಿದ್ದರೆ ಯಾರು ಮೊದಲು ಓಡಬೇಕೆಂಬುದನ್ನು ಕಾರ್ಯಾಚರಣ ವ್ಯವಸ್ಥೆ ನಿರ್ಧರಿಸುವುದರಿಂದ ಪೂರ್ಣ ಪುನರಾವರ್ತನೆಯ ಆಸೆ ಬೇಡ. ಜಿಡಿಬಿ ಎಂಬ ದೋಷಶೋಧಕದೊಳಗಿಟ್ಟು ಹೆಜ್ಜೆಹೆಜ್ಜೆಯಾಗಿ ನಡೆಸಿದರೆ ಓಟದ ಗತಿಯೇ ಬದಲಾಗಿ ದೋಷ ಅಡಗಿಬಿಡಬಹುದು. ಆದ್ದರಿಂದ ಸತ್ತ ಕ್ಷಣದ ಸ್ಮೃತಿಚಿತ್ರವನ್ನು ಕಡತದಲ್ಲಿ ಉಳಿಸಿಡಿಸಿ, ಆಮೇಲೆ ಜಿಡಿಬಿಯಿಂದ ತೆರೆದು ನೋಡುವುದು ಮೇಲು. ಎಷ್ಟೋ ವ್ಯವಸ್ಥೆಗಳಲ್ಲಿ ಈ ಚಿತ್ರದ ಗಾತ್ರದ ಮಿತಿಯನ್ನು ಸೊನ್ನೆಗೆ ಇಟ್ಟಿರುತ್ತಾರೆ. ಮೊದಲೇ ಸಡಿಲಿಸದಿದ್ದರೆ ಚಿತ್ರ ಸಿಕ್ಕದು.

ಇಷ್ಟಾದ ಮೇಲೆ ದೋಷ ಉಪಕರಣದ್ದೇ ಎಂದು ಸಿದ್ಧವಾದರೆ ಅದನ್ನು ಕರ್ತೃಗಳಿಗೆ ತಿಳಿಸಬೇಕು. ಮೂಲಸಂಹಿತೆ ಮುಕ್ತವಾಗಿರುವುದರಿಂದ ಇಲ್ಲಿ ವಿದ್ಯಾರ್ಥಿಗೂ ಪಂಡಿತನಿಗೂ ಒಂದೇ ಬಾಗಿಲು. ದೋಷವಾಕ್ಯವನ್ನು ನಮ್ಮ ಮಾತಿನಲ್ಲಿ ತಿರುಗಿಸದೆ ಅಕ್ಷರಶಃ ನಕಲು ಮಾಡಬೇಕು. ಅದೇ ಅಕ್ಷರಗಳನ್ನು ಮೂಲಸಂಹಿತೆಯಲ್ಲಿ ಹುಡುಕಿದರೆ ಯಾವ ಸಾಲು ಆ ಮಾತನ್ನಾಡಿತೆಂಬುದು ಸಿಗುತ್ತದೆ, ಮತ್ತು ಪತ್ರ ಬರೆಯುವ ಮೊದಲೇ ಅರ್ಧಕ್ಕರ್ಧ ಸಂಶಯಗಳು ಅಲ್ಲಿಯೇ ತೀರಿಹೋಗುತ್ತವೆ. ಉಪಕರಣ, ಸರ್ವರು, ಗ್ರಾಹಕ ಭಂಡಾರ ಈ ಮೂರರ ಆವೃತ್ತಿಗಳು, ಓಡಿಸಿದ ಪೂರ್ಣ ಆಜ್ಞೆ, ನಿರ್ಗಮನ ಸಂಖ್ಯೆ, ಎಲ್ಲ ಥ್ರೆಡ್‌ಗಳ ಕರೆಸರಣಿ, ಮತ್ತು ದೋಷ ಬೀಳುವ ಅತ್ಯಂತ ಚಿಕ್ಕ ಸಂದರ್ಭ, ಇಷ್ಟನ್ನು ಕೊಟ್ಟರೆ ಸಾಕು. ಕೊನೆಯದು ಕಷ್ಟದ ಕೆಲಸ. 32 ಕೋಷ್ಟಕ, 64 ಥ್ರೆಡ್‌ಗಳಲ್ಲಿ ಬಿದ್ದುದು 1 ಕೋಷ್ಟಕ, 2 ಥ್ರೆಡ್‌ಗಳಲ್ಲಿಯೂ ಬೀಳುವುದೇ ಎಂದು ಒಂದೊಂದನ್ನೇ ಕಳಚುತ್ತ ನೋಡಬೇಕು. ಹೀಗೆ ಕಳಚುವಾಗ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಪ್ರತಿಯೊಂದರ ಫಲವನ್ನೂ ಆಗಲೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಬೇಕು.